ಮನೆ ಹೊರಗಿನ ಸೌದೆ ಬಾಯ್ಲರ್: ಸೌದೆ ಹಾಕುವುದು ಹೇಗೆ, ಕೈಕೊಟ್ಟಾಗ ಎಲ್ಲಿ ನೋಡಬೇಕು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ನಮ್ಮ ಮೊದಲ ಚಳಿಗಾಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಮೂಗಿನ ತುದಿ ಐಸ್ ಆಗಿತ್ತು. ಹೊರಗೆ ಮೈನಸ್ 26 ಡಿಗ್ರಿ ಸೆಲ್ಸಿಯಸ್. ಟಾರ್ಚ್ ಹಿಡಿದು ಹಿತ್ತಲಿಗೆ ಹೋದೆ. ಬಾಯ್ಲರ್ ಬಾಗಿಲು ತೆಗೆದರೆ ಒಳಗೆ ಸೌದೆ ತುಂಬಿಕೊಂಡೇ ಇದೆ. ಎಲ್ಲ ಕಪ್ಪಾಗಿ ಕುಳಿತಿದೆ, ಉರಿ ಮಾತ್ರ ಇಲ್ಲ.

ಬೆಳಿಗ್ಗೆ ಮೆಕ್ಯಾನಿಕ್ ಬಂದರು. ಬಾಯ್ಲರ್ ಹತ್ತಿರ ಹೋಗಲೇ ಇಲ್ಲ. ಪಕ್ಕದ ರಾಶಿಯಿಂದ ಒಂದು ಓಕ್ ತುಂಡು ಎತ್ತಿಕೊಂಡು ಕೊಡಲಿಯಲ್ಲಿ ಸೀಳಿದರು, ಒಳಮೈಗೆ ತೇವದ ಮೀಟರ್ ಚುಚ್ಚಿದರು. ಶೇಕಡ 38 ತೋರಿಸಿತು. 'ಒಣಗಿದ ಸೌದೆ' ಎಂದು ಹೇಳಿ ನನಗೆ ಮಾರಿದ್ದ ಮಾಲು ಅದು. ಆ ಒಂದು ಸೀಳಿಗೆ ಕೊಟ್ಟ ದುಡ್ಡು ಇವತ್ತಿಗೂ ನೆನಪಿದೆ.

ನಾನು ಮಲೆನಾಡಿನವನು. ಬಚ್ಚಲೊಲೆಗೆ ಸೌದೆ ತುರುಕುತ್ತಲೇ ಬೆಳೆದವನು. ನನಗೆ ಸೌದೆ ಗೊತ್ತು ಅಂದುಕೊಂಡಿದ್ದೆ! ಆಮೇಲಿನ ವರ್ಷಗಳಲ್ಲಿ ಗೊತ್ತಾಗಿದ್ದು ಇಷ್ಟು: ಬಾಯ್ಲರ್ ಕೈಕೊಟ್ಟರೆ ಮೊದಲು ಸೌದೆ ನೋಡಬೇಕು, ಆಮೇಲೆ ಗಾಳಿ, ಆಮೇಲೆ ನೀರು. ಯಂತ್ರದ ಭಾಗಗಳು ಕೊನೆಗೆ. ಇಲ್ಲಿ ಹಳ್ಳಿ ಕಡೆ ಮನೆ ಕೊಂಡು, ಅದರ ಜೊತೆ ಹಿತ್ತಲಲ್ಲಿ ಇಂಥದ್ದೊಂದು ಡಬ್ಬ ಸಿಕ್ಕಿದವರಿಗೆ ಈ ಬರಹ.

ಇದು ದೊಡ್ಡ ಹಂಡೆ ಒಲೆ, ಅಷ್ಟೇ

ನೋಡಲು ತಗಡಿನ ಸಣ್ಣ ಶೆಡ್ಡು, ಮೇಲೊಂದು ಚಿಮಣಿ. ಒಳಗೆ ಉಕ್ಕಿನ ಒಲೆಗೂಡು. ಅದರ ಸುತ್ತ ನೂರಾರು ಗ್ಯಾಲನ್ ನೀರು. ಬೆಂಕಿ ಆ ನೀರನ್ನು ಕಾಯಿಸುತ್ತದೆ. ಪಂಪು ಬಿಸಿನೀರನ್ನು ನೆಲದಡಿಯ ಪೈಪಿನಲ್ಲಿ ಮನೆಗೆ ತಳ್ಳುತ್ತದೆ. ಮನೆಯಲ್ಲಿ ಆ ನೀರು ತನ್ನ ಶಾಖವನ್ನು ರೇಡಿಯೇಟರ್ ನೀರಿಗೋ, ಫರ್ನೇಸಿನ (ಮನೆಗೆ ಬಿಸಿಗಾಳಿ ಊದುವ ಯಂತ್ರ) ಗಾಳಿಗೋ, ಸ್ನಾನದ ನೀರಿಗೋ ಕೊಟ್ಟು ತಣ್ಣಗಾಗಿ ವಾಪಸ್ ಬರುತ್ತದೆ. ಇದೇ ನೀರು ಸುತ್ತುತ್ತ ಇರುತ್ತದೆ, ಖರ್ಚಾಗುವುದಿಲ್ಲ.

ಹೆಚ್ಚಿನವು ಒತ್ತಡವಿಲ್ಲದ ಬಾಯ್ಲರ್‌ಗಳು. ಮೇಲೆ ಒಂದು ತೆರೆದ ಉಗಿಕೊಳವೆ ಇರುತ್ತದೆ. ನೀರು ಕುದಿದರೆ ಉಗಿ ಅಲ್ಲಿಂದ ಹೋಗುತ್ತದೆ, ಹಾಗಾಗಿ ಹಂಡೆ ಸಿಡಿಯುವುದಿಲ್ಲ. ಆ ಕೊಳವೆಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಹಕ್ಕಿ ಗೂಡು ಕಟ್ಟಿದ್ದರೆ ತೆಗೆಯಿರಿ.

ಬೆಂಕಿಯ ಲಗಾಮು ಅಕ್ವಾಸ್ಟ್ಯಾಟ್ ಎಂಬ ಶಾಖದ ಸ್ವಿಚ್ಚಿನ ಕೈಯಲ್ಲಿದೆ. ನೀರು 185 ಡಿಗ್ರಿ ಫ್ಯಾರನ್‌ಹೀಟ್ (85 ಸೆಲ್ಸಿಯಸ್) ಮುಟ್ಟಿದರೆ ಅದು ಬೆಂಕಿಗೆ ಗಾಳಿ ಊದುವ ಫ್ಯಾನ್ ನಿಲ್ಲಿಸಿ ಗಾಳಿಯ ಕಿಂಡಿ ಮುಚ್ಚುತ್ತದೆ. 175ಕ್ಕೆ ಇಳಿದರೆ ಮತ್ತೆ ತೆರೆಯುತ್ತದೆ. ಕಿಂಡಿ ಮುಚ್ಚಿದಾಗ ಬೆಂಕಿ ಆರುವುದಿಲ್ಲ, ಒಳಗೊಳಗೇ ಕೊಸರಾಡುತ್ತ ಹೊಗೆ ಬಿಡುತ್ತದೆ. ಈ ಯಂತ್ರಕ್ಕೆ ಕೆಟ್ಟ ಹೆಸರು ಬಂದದ್ದೇ ಆ ಹೊಗೆಯಿಂದ.

ಹೊಸ ಬಗೆಯವು ಗ್ಯಾಸಿಫಿಕೇಷನ್ ಬಾಯ್ಲರ್‌ಗಳು. ಅವುಗಳಲ್ಲಿ ಹೊಗೆಯನ್ನು ಕೆಳಗಿನ ಇನ್ನೊಂದು ಗೂಡಿಗೆ ಎಳೆದು, ಬಿಸಿಗಾಳಿ ಸೇರಿಸಿ ಸುಡುತ್ತಾರೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2015ರಲ್ಲಿ ಹೊಗೆಗೆ ಮಿತಿ ಹಾಕಿತು, 2020ರ ಮೇ ತಿಂಗಳಿಂದ ಅದನ್ನು ಇನ್ನೂ ಬಿಗಿ ಮಾಡಿತು. ಈಗ ಅಂಗಡಿಯಲ್ಲಿ ಸಿಗುವ ಹೊಸ ಬಾಯ್ಲರ್ ಆ ಮಿತಿಯೊಳಗೆ ಇರಬೇಕು. ಹಳೆಯದು ನಿಮ್ಮ ಹಿತ್ತಲಲ್ಲಿದ್ದರೆ ಊರಿನ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ. ಚಿಮಣಿ ಎಷ್ಟು ಎತ್ತರ ಇರಬೇಕು, ಪಕ್ಕದವರ ಗಡಿಯಿಂದ ಎಷ್ಟು ದೂರ, ಬೇಸಿಗೆಯಲ್ಲಿ ಉರಿಸಬಹುದೇ ಎಂಬುದೆಲ್ಲ ಊರಿಂದೂರಿಗೆ ಬೇರೆ. ನ್ಯೂಯಾರ್ಕ್ ರಾಜ್ಯದಲ್ಲಿ 2011ರ ನಿಯಮದ ಪ್ರಕಾರ ಮನೆಗೆ ಹಾಕುವ ಹೊಸ ಬಾಯ್ಲರ್‌ನ ಚಿಮಣಿ ನೆಲದಿಂದ ಕನಿಷ್ಠ 18 ಅಡಿ ಇರಬೇಕು, ಬಾಯ್ಲರ್ ಗಡಿಯಿಂದ ಕನಿಷ್ಠ 100 ಅಡಿ ದೂರ ಇರಬೇಕು.

ಸೌದೆ: ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ

ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಬಾಯ್ಲರಿಗೆ ಬೇಕಾದದ್ದು ಶೇಕಡ 20ರ ಆಸುಪಾಸಿನ ತೇವ. 15ರಿಂದ 25ರವರೆಗೆ ನಡೆಯುತ್ತದೆ. ಹಳೆಯ ಬಗೆಯ ಬಾಯ್ಲರ್ 30 ಇದ್ದರೂ ಹೇಗೋ ನುಂಗಿಕೊಳ್ಳುತ್ತದೆ. ಗ್ಯಾಸಿಫಿಕೇಷನ್ ಬಾಯ್ಲರ್ ಮುಷ್ಕರ ಹೂಡುತ್ತದೆ.

'ನೀರು ಆವಿಯಾಗಲು ಶಾಖ ಹೋಗುತ್ತದೆ, ಅದಕ್ಕೇ ಹಸಿ ಸೌದೆ ದಂಡ' ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಪೌಂಡ್ ಪೂರ್ತಿ ಒಣ ಸೌದೆಯಲ್ಲಿ ಸುಮಾರು 8,600 ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ಶಾಖವಿದೆ. ಒಂದು ಪೌಂಡ್ ತಣ್ಣೀರನ್ನು ಆವಿ ಮಾಡಲು ಸುಮಾರು 1,150 ಬಿಟಿಯು ಬೇಕು. 100 ಪೌಂಡ್ ಹಸಿ ಓಕ್‌ನಲ್ಲಿ 40 ಪೌಂಡ್ ನೀರಿದ್ದರೆ ಆವಿಗೆ ಹೋಗುವುದು 46,000. ಉಳಿದ 60 ಪೌಂಡ್ ಮರದಲ್ಲಿರುವುದು 5,16,000. ಅಂದರೆ ನೇರ ನಷ್ಟ ಹತ್ತರಲ್ಲಿ ಒಂದು ಪಾಲೂ ಇಲ್ಲ! ದೊಡ್ಡ ನಷ್ಟ ಬೇರೆ ಕಡೆ ಇದೆ. ಆ ಆವಿ ಒಲೆಗೂಡನ್ನು ತಣ್ಣಗಿಡುತ್ತದೆ. ಗೂಡು ತಣ್ಣಗಿದ್ದರೆ ಹೊಗೆ ಉರಿಯುವುದಿಲ್ಲ. ಸೌದೆಯ ಶಾಖದಲ್ಲಿ ಅರ್ಧಕ್ಕೂ ಹೆಚ್ಚು ಇರುವುದು ಆ ಹೊಗೆಯಲ್ಲೇ. ಅದು ಸುಡದೆ ಚಿಮಣಿ ಹತ್ತಿ ಹೋಗುತ್ತದೆ. ಹೋಗುವಾಗ ಡಾಂಬರಿನಂಥ ಅಂಟುಮಸಿಯನ್ನು ಗೋಡೆಗೆ ಬಳಿದು ಹೋಗುತ್ತದೆ. ಅದೇ ಕ್ರಿಯೋಸೋಟ್.

ತೇವ ಅಳೆಯುವ ಮೀಟರ್ ಮೂವತ್ತು ಡಾಲರ್ ಒಳಗೆ ಬರುತ್ತದೆ. ಅಳೆಯುವುದರಲ್ಲಿ ಎಡವಬೇಡಿ. ತುಂಡಿನ ತುದಿಗೆ ಚುಚ್ಚಿದರೆ 15 ತೋರಿಸಬಹುದು, ಒಳಗೆ 35 ಇರುತ್ತದೆ. ತುಂಡನ್ನು ಆಗಲೇ ಸೀಳಿ. ಹೊಸ ಮೈಯ ನಡುಮಧ್ಯೆ, ನಾರಿನ ಉದ್ದಕ್ಕೆ ಮೊಳೆ ಎರಡನ್ನೂ ಚುಚ್ಚಿ. ಹೆಪ್ಪುಗಟ್ಟಿದ ಸೌದೆಯಲ್ಲಿ ಮೀಟರ್ ಸುಳ್ಳು ಹೇಳುತ್ತದೆ, ಹಾಗಾಗಿ ಒಂದು ದಿನ ಮನೆಯೊಳಗೆ ಇಟ್ಟು ಆಮೇಲೆ ಅಳೆಯಿರಿ. ಮೀಟರ್ ಇಲ್ಲದಿದ್ದರೆ ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿಯಾದರೆ ದಬ್ ಎನ್ನುತ್ತದೆ. ಬೆಂಕಿಗೆ ಹಾಕಿದಾಗ ತುದಿಯಲ್ಲಿ ನೊರೆ ಬಂದು ಚುಂಯ್‌ಗುಟ್ಟಿದರಂತೂ ಕೇಳುವುದೇ ಬೇಡ.

ಎಷ್ಟು ದಿನ ಒಣಗಿಸಬೇಕು? ಸೀಳಿ, ಒಟ್ಟಿ, ಗಾಳಿ ಆಡಲು ಬಿಟ್ಟರೆ ಪೈನ್‌ಗೆ ಒಂದು ಬೇಸಿಗೆ ಸಾಕು. ಆಶ್‌ಗೆ ಒಂದು ವರ್ಷ. ಮೇಪಲ್‌ಗೆ ಒಂದರಿಂದ ಒಂದೂವರೆ. ಓಕ್ ಮಾತ್ರ ಹಠಮಾರಿ, ಎರಡು ವರ್ಷ ಬೇಕೇ ಬೇಕು. ಸೀಳದೆ ದಿಮ್ಮಿಯಾಗಿ ಬಿಟ್ಟರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ತೊಗಟೆ ನೀರನ್ನು ಹೊರಗೆ ಬಿಡದು, ತೇವ ಹೋಗುವುದು ತುದಿಯಿಂದ ಮತ್ತು ಸೀಳಿದ ಮೈಯಿಂದ.

ಒಟ್ಟುವ ರೀತಿ ನಮ್ಮೂರಿನದೇ. ಮಲೆನಾಡಲ್ಲಿ ಮಳೆಗೆ ಮುಂಚೆ ಸೌದೆ ಒಟ್ಟಿ ಮೇಲೆ ಸೋಗೆ ಹೊದೆಸುತ್ತಾರಲ್ಲ, ಪಕ್ಕ ತೆರೆದೇ ಇರುತ್ತದೆ. ಇಲ್ಲೂ ಅಷ್ಟೇ. ಕೆಳಗೆ ಮರದ ಪ್ಯಾಲೆಟ್, ನೆಲ ಮುಟ್ಟಬಾರದು. ಮೇಲೆ ತಗಡು. ಪಕ್ಕಕ್ಕೆ ಟಾರ್ಪಾಲು ಸುತ್ತಬೇಡಿ. ಸುತ್ತಿದರೆ ತೇವ ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ. ನಮ್ಮಲ್ಲಿ ಜೂನ್ ಬರುವುದರೊಳಗೆ ಮುಗಿಸಬೇಕು ಎಂಬ ಅವಸರ. ಇಲ್ಲಿ ಏಪ್ರಿಲ್ ಒಳಗೆ, ಅದೂ ಮುಂದಿನ ಚಳಿಗಾಲಕ್ಕೆ.

ಕೊಳ್ಳುವಾಗ 'ಕಾರ್ಡ್' ಎಂಬ ಅಳತೆ ತಿಳಿದಿರಲಿ. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ರಾಶಿ, ಅಂದರೆ 128 ಘನ ಅಡಿ. 'ಫೇಸ್ ಕಾರ್ಡ್' ಎಂದರೆ ಮುಖ ಅಷ್ಟೇ ದೊಡ್ಡದು, ಆಳ ಒಂದೇ ತುಂಡಿನದು. 16 ಅಂಗುಲದ ತುಂಡಾದರೆ ಪೂರ್ತಿ ಕಾರ್ಡ್‌ನ ಮೂರನೇ ಒಂದು ಪಾಲು. ಬೆಲೆ ಕೇಳುವಾಗ ಯಾವ ಕಾರ್ಡ್ ಎಂದು ಕೇಳದವರು ಮೊದಲ ವರ್ಷ ಮೋಸ ಹೋಗುತ್ತಾರೆ. ನಾನೂ ಹೋದೆ.

ಒಂದು ಕಾರ್ಡ್ ಓಕ್‌ನಲ್ಲಿ ಸುಮಾರು 2.4 ಕೋಟಿ ಬಿಟಿಯು ಸಿಕ್ಕರೆ ಬಿಳಿ ಪೈನ್‌ನಲ್ಲಿ ಸುಮಾರು 1.5 ಕೋಟಿ. ಪೈನ್ ಉರಿಸಿದರೆ ಚಿಮಣಿ ಕಟ್ಟುತ್ತದೆ ಎಂಬ ಮಾತಿದೆಯಲ್ಲ, ಅದನ್ನು ನಂಬಬೇಡಿ. ಚಿಮಣಿ ಕಟ್ಟಿಸುವುದು ತೇವ ಮತ್ತು ಕೊಸರಾಡುವ ಬೆಂಕಿ. ಚೆನ್ನಾಗಿ ಒಣಗಿದ ಪೈನ್ ಅಕ್ಟೋಬರಿನ ಬೆಚ್ಚನೆ ದಿನಗಳಿಗೆ ಹೇಳಿ ಮಾಡಿಸಿದ್ದು. ಓಕ್‌ ಅನ್ನು ಜನವರಿಗೆ ಉಳಿಸಿಕೊಳ್ಳಿ.

ಆಶ್ ಮರದ ವಿಷಯ ಒಂದು ಮಾತು. 2002ರಲ್ಲಿ ಮಿಷಿಗನ್‌ನಲ್ಲಿ ಕಂಡ ಹಸಿರು ಜೀರುಂಡೆಯೊಂದು (ಎಮರಾಲ್ಡ್ ಆಶ್ ಬೋರರ್) ಅಲ್ಲಿಂದೀಚೆಗೆ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ. ನಿಂತಲ್ಲೇ ಸತ್ತ ಆಶ್ ಬೇಗ ಒಲೆಗೆ ಬರುತ್ತದೆ, ನಿಜ. ಆದರೆ ಅದರ ಕೊಂಬೆ ಹಪ್ಪಳದ ಹಾಗೆ ಮುರಿದು ತಲೆ ಮೇಲೆ ಬೀಳುತ್ತದೆ. ಗೊತ್ತಿದ್ದವರಿಂದಲೇ ಕಡಿಸಿ. ಇಂಥ ಹುಳುಗಳ ದೆಸೆಯಿಂದಲೇ ನ್ಯೂಯಾರ್ಕ್‌ನಲ್ಲಿ ಶಾಖದಲ್ಲಿ ಸಂಸ್ಕರಿಸದ ಸೌದೆಯನ್ನು 50 ಮೈಲಿ ಆಚೆ ಸಾಗಿಸುವಂತಿಲ್ಲ.

ಹಾಕಬಾರದ್ದು: ಬಣ್ಣ ಬಳಿದ ಮರ, ಪ್ಲೈವುಡ್, ಪ್ಲಾಸ್ಟಿಕ್, ಮನೆಯ ಕಸ, ಗೆದ್ದಲು ಔಷಧಿ ಹೊಡೆದ ಹಲಗೆ. 2003ರವರೆಗೆ ಇಲ್ಲಿ ಮನೆ ಡೆಕ್ಕುಗಳಿಗೆ (ಮನೆಗೆ ತಾಗಿದ ಮರದ ಜಗಲಿ) ಬಳಸುತ್ತಿದ್ದ ಹಲಗೆಗಳಲ್ಲಿ ಆರ್ಸೆನಿಕ್ ಇತ್ತು. ಅದನ್ನು ಸುಟ್ಟರೆ ವಿಷ ಹೊಗೆಗೂ ಹೋಗುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯನ್ನೇ ನಾವು ತರಕಾರಿ ಪಾತಿಗೆ ಹಾಕುವವರು, ಅಲ್ವಾ?

ಸೌದೆ ಹಾಕುವ ಕ್ರಮ

ದಿನಕ್ಕೆ ಎರಡು ಸಲ, 12 ಗಂಟೆಗೊಮ್ಮೆ. ಅವಸರದಲ್ಲಿ ಮಾಡುವ ಕೆಲಸವಲ್ಲ.

1. ಬಾಗಿಲು ತೆಗೆಯುವ ಮೊದಲು ನೀರಿನ ಶಾಖ ಮತ್ತು ಮಟ್ಟ ನೋಡಿ.

2. ಫ್ಯಾನ್ ಸ್ವಿಚ್ ಆರಿಸಿ. ಗ್ಯಾಸಿಫಿಕೇಷನ್ ಬಾಯ್ಲರ್ ಆದರೆ ಬೈಪಾಸ್ ತೆರೆಯಿರಿ. ಹೊಗೆ ನೇರ ಚಿಮಣಿಗೆ ಹೋಗಲಿ.

3. ಬಾಗಿಲನ್ನು ಒಂದು ಅಂಗುಲ ಮಾತ್ರ ತೆರೆದು ಅರ್ಧ ನಿಮಿಷ ಕಾಯಿರಿ. ಬಾಗಿಲಿನ ಹಿಂದೆ, ಪಕ್ಕಕ್ಕೆ ನಿಲ್ಲಿ. ಒಳಗೆ ಉಸಿರುಗಟ್ಟಿದ ಹೊಗೆ ಇರುತ್ತದೆ. ಒಮ್ಮೆಲೇ ಗಾಳಿ ಸಿಕ್ಕರೆ ಅದು ಭಗ್ ಎಂದು ಹತ್ತಿಕೊಂಡು ಹೊರಕ್ಕೆ ನುಗ್ಗುತ್ತದೆ. ಹುಬ್ಬು ಸುಟ್ಟುಕೊಂಡವರನ್ನು ನೋಡಿದ್ದೇನೆ.

4. ಕೆಂಡ ಕೆದಕಿ ಸಮ ಮಾಡಿ. ಕೆಲವೊಮ್ಮೆ ಸೌದೆ ಎರಡು ಗೋಡೆಗೆ ಸಿಕ್ಕಿ ಸೇತುವೆಯಂತೆ ನಿಂತಿರುತ್ತದೆ, ಕೆಳಗೆ ಟೊಳ್ಳು. ಅದನ್ನು ಸಲಾಕೆಯಲ್ಲಿ ಕೆಡವಿ.

5. ಒಂದೇ ದಿಕ್ಕಿಗೆ, ಸಂದಿ ಬಿಟ್ಟು ಸೌದೆ ಇಡಿ. ಗ್ಯಾಸಿಫಿಕೇಷನ್ ಬಾಯ್ಲರಿಗೆ 4ರಿಂದ 6 ಅಂಗುಲ ದಪ್ಪದ ಸೀಳು ಚೆನ್ನ. ಮಂಡಿ ಗಾತ್ರದ ಕೊರಡು ಹಳೆಯ ಬಾಯ್ಲರಿಗೆ ಸರಿ.

6. ಬಾಗಿಲು ಬಿಗಿಯಾಗಿ ಹಾಕಿ, ಬೈಪಾಸ್ ಮುಚ್ಚಿ, ಫ್ಯಾನ್ ಹಾಕಿ. ಬೈಪಾಸ್ ಮುಚ್ಚಲು ಮರೆತು ಮಲಗಿದರೆ ಅರ್ಧ ಸೌದೆ ಆಕಾಶಕ್ಕೆ.

ಎಷ್ಟು ಹಾಕಬೇಕು? ಮುಂದಿನ 12 ಗಂಟೆಗೆ ಬೇಕಾದಷ್ಟೇ. ಗೂಡು ದೊಡ್ಡದಿದೆ ಎಂದು ಅಕ್ಟೋಬರಿನಲ್ಲಿ ಬಾಯಿತನಕ ತುಂಬಿಸಿದರೆ ಬೆಂಕಿ ದಿನವಿಡೀ ಕೊಸರಾಡುತ್ತದೆ. ಅಂಟುಮಸಿ ಕಟ್ಟುತ್ತದೆ, ಪಕ್ಕದ ಮನೆಯ ಬಟ್ಟೆಗೆಲ್ಲ ಹೊಗೆ ವಾಸನೆ. ಬೆಚ್ಚನೆ ದಿನ ಗೂಡಿನ ಕಾಲು ಭಾಗ ಸಾಕು. ಹೊಸದಾಗಿ ಬೆಂಕಿ ಹೊತ್ತಿಸುವಾಗ ಸಣ್ಣ ಪುರಳೆಯಿಂದ ಶುರು ಮಾಡಿ, 3–4 ಅಂಗುಲ ಕೆಂಡದ ಹಾಸು ಆಗುವ ತನಕ ದೊಡ್ಡ ಸೌದೆ ಹಾಕಬೇಡಿ.

ಬೂದಿಯನ್ನು ವಾರಕ್ಕೊಮ್ಮೆ ತೆಗೆದರೆ ಸಾಮಾನ್ಯವಾಗಿ ಸಾಕು. ಪೂರ್ತಿ ಬಳಿಯಬೇಡಿ, ಒಂದೆರಡು ಅಂಗುಲ ಕೆಂಡ ಇರಲಿ. ತೆಗೆದ ಬೂದಿ ಮುಚ್ಚಳವಿರುವ ಕಬ್ಬಿಣದ ಡಬ್ಬಕ್ಕೇ ಹೋಗಬೇಕು, ಡಬ್ಬ ಮನೆಯಿಂದ ದೂರ ಇರಬೇಕು. ಬೂದಿಯೊಳಗಿನ ಕೆಂಡ ಮೂರ್ನಾಲ್ಕು ದಿನ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಬಕೆಟ್, ರಟ್ಟಿನ ಪೆಟ್ಟಿಗೆ, ಮರದ ಜಗಲಿ ಇವೆಲ್ಲ ಮನೆ ಸುಡುವ ದಾರಿಗಳು.

ನೀರಿನ ಆರೈಕೆ

ಬಾಯ್ಲರ್ ಹೆಚ್ಚಾಗಿ ಸಾಯುವುದು ತುಕ್ಕಿನಿಂದ. ತೆರೆದ ಕೊಳವೆಯಿಂದ ಗಾಳಿ ನೀರಿಗೆ ಸೇರುತ್ತಲೇ ಇರುತ್ತದೆ, ಉಕ್ಕು ತಿನ್ನುತ್ತಲೇ ಇರುತ್ತದೆ. ಅದಕ್ಕೇ ನೀರಿಗೆ ತುಕ್ಕುತಡೆ ದ್ರಾವಣ ಬೆರೆಸುತ್ತಾರೆ. ವರ್ಷಕ್ಕೊಮ್ಮೆಯಾದರೂ ನೀರಿನ ಮಾದರಿ ಪರೀಕ್ಷೆಗೆ ಕಳಿಸಿ. ದ್ರಾವಣ ಎಷ್ಟು ಉಳಿದಿದೆ, ಪಿಎಚ್ ಎಷ್ಟಿದೆ ಎಂದು ತಿಳಿಸುತ್ತಾರೆ. ನೀರು ಸ್ವಲ್ಪ ಕ್ಷಾರದ ಕಡೆಗಿರಬೇಕು. ಯಾವ ದ್ರಾವಣ ಎಂಬುದಕ್ಕೆ ನಿಮ್ಮ ಬಾಯ್ಲರಿನ ಕೈಪಿಡಿ ನೋಡಿ. ಎರಡು ಬಗೆಯದನ್ನು ಬೆರೆಸಬೇಡಿ.

ಚಳಿಗಾಲದಲ್ಲಿ ಸ್ವಲ್ಪ ನೀರು ಆವಿಯಾಗಿ ಹೋಗುವುದು ಸಹಜ. ಸೇರಿಸಿದಾಗಲೆಲ್ಲ ತಾರೀಕು, ಗ್ಯಾಲನ್ ಬರೆದಿಡಿ. ವಾರ ವಾರವೂ ಸೇರಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಬರೆದಿಡದಿದ್ದರೆ ಇದು ಗೊತ್ತೇ ಆಗುವುದಿಲ್ಲ.

ಒಲೆಗೂಡಿನ ಬೂದಿ ಒದ್ದೆಯಾಗಿದ್ದರೆ ಎದೆ ಧಸಕ್ ಎನ್ನುತ್ತದೆ, ಉಕ್ಕು ತೂತಾಯಿತೇ ಎಂದು. ಗಾಬರಿ ಬೇಡ. ನೀರು 140 ಡಿಗ್ರಿ ಫ್ಯಾರನ್‌ಹೀಟ್‌ (60 ಸೆಲ್ಸಿಯಸ್) ಕೆಳಗಿದ್ದರೆ ಹೊಗೆಯೊಳಗಿನ ಆವಿ ತಣ್ಣನೆ ಗೋಡೆಗೆ ತಾಗಿ ಬೆವರುತ್ತದೆ, ತಣ್ಣನೆ ಮಜ್ಜಿಗೆ ಲೋಟದ ಹೊರಮೈ ಬೆವರಿದ ಹಾಗೆ. ಒಣ ಸೌದೆ ಹಾಕಿ ಎರಡು ಮೂರು ದಿನ ನೀರನ್ನು 160ರ ಮೇಲೆ ಇಡಿ. ಒದ್ದೆ ನಿಂತರೆ ಅದು ಬೆವರು. ನಿಲ್ಲದೆ ನೀರಿನ ಮಟ್ಟವೂ ಇಳಿಯುತ್ತಿದ್ದರೆ ತೂತು, ವೆಲ್ಡರ್ ಬೇಕು. ಬೆವರೂ ಒಳ್ಳೆಯದಲ್ಲ. ಅದು ಹುಳಿ ನೀರು, ಉಕ್ಕು ತಿನ್ನುತ್ತದೆ. ಮನೆಯಿಂದ ವಾಪಸ್ ಬರುವ ನೀರು ಪದೇಪದೇ 140ಕ್ಕಿಂತ ಕಡಿಮೆ ಇದ್ದರೆ ಬಿಸಿನೀರು ಬೆರೆಸಿ ಕಳಿಸುವ ಥರ್ಮೋಸ್ಟ್ಯಾಟಿಕ್ ವಾಲ್ವು ಹಾಕಿಸಿ.

ಬಾಯ್ಲರ್ ಬಿಸಿ, ಮನೆ ತಣ್ಣಗೆ

ಇಲ್ಲಿ ಬೇಕಾದದ್ದು ನಾಲ್ಕು ಕಡೆ ಶಾಖ ಅಳೆಯುವುದು: ಬಾಯ್ಲರಿನಿಂದ ಹೊರಡುವಲ್ಲಿ, ಮನೆಗೆ ಬಂದು ಸೇರುವಲ್ಲಿ, ಮನೆಯಿಂದ ಹೊರಡುವಲ್ಲಿ, ಬಾಯ್ಲರಿಗೆ ವಾಪಸ್ ಸೇರುವಲ್ಲಿ. ಗುರಿ ಹಿಡಿದು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಹೊಳೆಯುವ ತಾಮ್ರದ ಮೇಲೆ ಅದು ತಪ್ಪು ಓದುತ್ತದೆ. ಪೈಪಿಗೆ ಒಂದು ಸುತ್ತು ಕಪ್ಪು ಟೇಪು ಅಂಟಿಸಿ, ಅದರ ಮೇಲೆ ಅಳೆಯಿರಿ.

ಎಲ್ಲ ಕಡೆ ತಣ್ಣಗಿದ್ದರೆ ಪಂಪು ನಿಂತಿದೆ. ಮೊದಲು ಕರೆಂಟು, ಬ್ರೇಕರ್ ನೋಡಿ. ಕರೆಂಟಿದ್ದು ಪಂಪು ಗುಂಯ್ ಎನ್ನುತ್ತ ತಿರುಗದಿದ್ದರೆ ಒಳಗಿನ ಚಕ್ರ ಸಿಕ್ಕಿಕೊಂಡಿದೆ. ಬೇಸಿಗೆಯಿಡೀ ಸುಮ್ನೆ ಇದ್ದ ಪಂಪು ಹೀಗಾಗುವುದುಂಟು. ಪಂಪು ಚೆನ್ನಾಗಿದ್ದೂ ಒಳಗೆ ಗಳಗಳ ಸದ್ದಿದ್ದರೆ ಗಾಳಿ ಹಿಡಿದಿದೆ. ಮನೆಯ ಕಡೆಯ ನಲ್ಲಿಗೆ ಹೋಸು ಸಿಕ್ಕಿಸಿ, ಗುಳ್ಳೆ ನಿಲ್ಲುವ ತನಕ ನೀರು ಓಡಿಸಿ. ಬಿಟ್ಟ ನೀರಿನ ಲೆಕ್ಕ ಇಟ್ಟುಕೊಂಡು ಬಾಯ್ಲರಿಗೆ ಮತ್ತೆ ತುಂಬಿಸಿ.

ಬಾಯ್ಲರ್ ಬಿಡುವಾಗ 180 ಡಿಗ್ರಿ ಫ್ಯಾರನ್‌ಹೀಟ್ ಇದ್ದದ್ದು ಮನೆಗೆ 178 ಆಗಿ ಬಂದರೆ ನೆಲದಡಿಯ ಪೈಪು ಗಟ್ಟಿ ಇದೆ. 168 ಆಗಿ ಬಂದರೆ ಶಾಖವೆಲ್ಲ ಮಣ್ಣಿಗೆ ಹೋಗುತ್ತಿದೆ. ಇದಕ್ಕೆ ಮೀಟರೂ ಬೇಡ, ಹಿಮ ಬಿದ್ದ ಬೆಳಿಗ್ಗೆ ಅಂಗಳ ನೋಡಿದರೆ ಸಾಕು. ಬಾಯ್ಲರಿನಿಂದ ಮನೆವರೆಗೆ ಒಂದು ಗೆರೆ ಎಳೆದಂತೆ ಹಿಮ ಕರಗಿ ಹುಲ್ಲು ಕಾಣುತ್ತಿದ್ದರೆ ಪೈಪಿನ ಹೊದಿಕೆಗೆ ನೀರು ನುಗ್ಗಿದೆ. ಅಗ್ಗದ ಪೈಪಿನ ಕತೆಯೇ ಇದು. ಅಗೆದು ಬೇರೆ ಹಾಕುವುದು ಬಿಟ್ಟರೆ ದಾರಿಯಿಲ್ಲ. ಹಾಕುವಾಗ ಪೈಪಿಗೆ ಅಂಟಿಕೊಂಡಂತೆ ಫೋಮ್ ತುಂಬಿದ್ದನ್ನೇ ಆರಿಸಿ.

ಮನೆಗೆ 178 ಬಂದು 176 ಆಗಿ ಹೋಗುತ್ತಿದ್ದರೆ, ಮನೆಯೂ ತಣ್ಣಗಿದ್ದರೆ, ನೀರು ಶಾಖ ಕೊಡದೆ ಸುಮ್ಮನೆ ಸುತ್ತಿ ಹೋಗುತ್ತಿದೆ. ಫರ್ನೇಸಿನ ಏರ್ ಫಿಲ್ಟರ್ ಕಟ್ಟಿರಬಹುದು. ಅದರೊಳಗೆ ಬಿಸಿನೀರು ಹರಿಯುವ ಕಾಯಿಲ್ ಮೇಲೆ ಧೂಳಿನ ಕಂಬಳಿ ಇರಬಹುದು. ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ (ಒಂದು ನೀರಿನ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ತಗಡುಗಳ ಪೆಟ್ಟಿಗೆ) ಆದರೆ ಒಳಗೆ ಗಡಸು ನೀರಿನ ಸುಣ್ಣ ಕಟ್ಟಿರುತ್ತದೆ. ಎರಡೂ ಕಡೆ ವಾಲ್ವು ಮುಚ್ಚಿ, ಸಣ್ಣ ಪಂಪಿನಿಂದ ಬಿಳಿ ವಿನೆಗರ್ ಒಂದೆರಡು ಗಂಟೆ ಸುತ್ತಿಸಿ, ತೊಳೆಯಿರಿ. ನಮ್ಮಲ್ಲಿ ತಾಮ್ರದ ಹಂಡೆಗೆ ಹುಣಸೆಹಣ್ಣು ತಿಕ್ಕುವ ಉಪಾಯವೇ ಇದು.

178 ಬಂದು 130 ಆಗಿ ಹೋಗುತ್ತಿದ್ದರೆ ಉಲ್ಟಾ ಸಮಸ್ಯೆ. ಹರಿವು ಸಾಲದು. ಕಸ ತಡೆಯುವ ಸ್ಟ್ರೇನರ್ ಜಾಲರಿ ಕಟ್ಟಿದೆ, ಇಲ್ಲವೇ ವಾಲ್ವು ಅರ್ಧ ಮುಚ್ಚಿದೆ, ಇಲ್ಲವೇ ಪಂಪು ಸಣ್ಣದು. ಲೆಕ್ಕ ಸುಲಭ: ನಿಮಿಷಕ್ಕೆ ಹರಿಯುವ ಗ್ಯಾಲನ್, ಗುಣಿಸು 500, ಗುಣಿಸು ಬರುವ ಹೋಗುವ ನೀರಿನ ಶಾಖದ ವ್ಯತ್ಯಾಸ. 8 ಗ್ಯಾಲನ್, 20 ಡಿಗ್ರಿ ವ್ಯತ್ಯಾಸ ಆದರೆ ಗಂಟೆಗೆ 80,000 ಬಿಟಿಯು ಮನೆಗೆ ಸಿಗುತ್ತಿದೆ ಎಂದಾಯಿತು.

ಸೌದೆ ಇದೆ, ಉರಿ ಇಲ್ಲ

ನನ್ನ ಆ ಮೊದಲ ರಾತ್ರಿಯ ಸಮಸ್ಯೆ. ತೇವ ಅಳೆದಾಯಿತು, 20ರ ಒಳಗಿದೆ ಅನ್ನೋಣ. ಸೇತುವೆ ಕಟ್ಟಿಲ್ಲ. ಹಾಗಾದರೆ ಗಾಳಿ. ಗಾಳಿ ಬರುವ ತೂತುಗಳನ್ನು ಬೂದಿ ಮುಚ್ಚಿದೆಯೇ? ಸಲಾಕೆ ಹಾಕಿ ಬಿಡಿಸಿ. ನೀರು 175ಕ್ಕಿಂತ ಕೆಳಗಿದ್ದೂ ಫ್ಯಾನ್ ತಿರುಗುತ್ತಿಲ್ಲವೇ? ಬಾಗಿಲ ಸ್ವಿಚ್ ಸರಿಯಾಗಿ ಒತ್ತಿಕೊಂಡಿದೆಯೇ, ನೀರು ಕಡಿಮೆಯಾಗಿ ರಕ್ಷಣೆಯ ಸ್ವಿಚ್ ಬಿದ್ದಿದೆಯೇ ನೋಡಿ. ಫ್ಯಾನ್ ತಿರುಗಿದರೂ ಗಾಳಿ ಇಲ್ಲದಿದ್ದರೆ ಕಿಂಡಿಯ ಮುಚ್ಚಳ ಎತ್ತುವ ಸೊಲೆನಾಯ್ಡ್ ಸುಟ್ಟಿರಬಹುದು, ಇಲ್ಲವೇ ಮುಚ್ಚಳ ಅಂಟುಮಸಿಗೆ ಹಿಡಿದುಕೊಂಡಿರಬಹುದು. ಮಸಿ ಹಿಡಿದ ಮುಚ್ಚಳವನ್ನು ಕೆರೆದು ಬಿಡಿಸುವುದಕ್ಕೆ ಹತ್ತು ನಿಮಿಷ ಸಾಕು. ವೈರ್ ಮುಟ್ಟುವ ಕೆಲಸ ಏನಿದ್ದರೂ ಬ್ರೇಕರ್ ಇಳಿಸಿದ ಮೇಲೆಯೇ.

ಚಿಮಣಿ ಕಟ್ಟಿದರೂ ಹೀಗೆಯೇ ಆಗುತ್ತದೆ. ತುದಿಯ ಜಾಲರಿ ಅಂಟುಮಸಿಯಿಂದ ಜೇನುಗೂಡಿನಂತಾಗಿರುವುದನ್ನು ಕಂಡಿದ್ದೇನೆ.

ನೀರು ಕುದಿದು ಉಕ್ಕುತ್ತಿದೆ

ಕುದಿತ ಅಂದರೆ ಬೆಂಕಿಗೆ ಕಳ್ಳದಾರಿಯಿಂದ ಗಾಳಿ ಸಿಗುತ್ತಿದೆ, ಇಲ್ಲವೇ ಶಾಖಕ್ಕೆ ಹೋಗಲು ಜಾಗವಿಲ್ಲ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು: ಬಾಗಿಲು ತೆರೆಯಬೇಡಿ. ಉಗಿಕೊಳವೆ ಹತ್ತಿರ ಹೋಗಬೇಡಿ. ಫ್ಯಾನ್ ಆರಿಸಿ. ಪಂಪು ಓಡುತ್ತಿದ್ದರೆ ಮನೆಯ ಥರ್ಮೋಸ್ಟ್ಯಾಟ್ ಪೂರ್ತಿ ಏರಿಸಿ, ಬಿಸಿನೀರಿನ ನಲ್ಲಿ ಬಿಡಿ. ಶಾಖ ಎಲ್ಲಾದರೂ ಖರ್ಚಾಗಲಿ. ನೀರು ತೀರಾ ಕಡಿಮೆಯಾಗಿದ್ದರೂ ಕಾದ ಉಕ್ಕಿಗೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ತಣಿಯಲು ಬಿಟ್ಟು ಆಮೇಲೆ ತುಂಬಿ.

ತಣಿದ ಮೇಲೆ ಬಾಗಿಲಿನ ಗ್ಯಾಸ್ಕೆಟ್ (ಸಂದಿ ಮುಚ್ಚುವ ಹಗ್ಗ) ಪರೀಕ್ಷಿಸಿ. ಬಾಗಿಲ ಅಂಚಿಗೆ ಒಂದು ಕಾಗದ ಸಿಕ್ಕಿಸಿ ಹಾಕಿ, ಎಳೆಯಿರಿ. ಸುಲಭವಾಗಿ ಜಾರಿ ಬಂದ ಕಡೆ ಗಾಳಿ ನುಗ್ಗುತ್ತಿದೆ. ಸುತ್ತಲೂ ಹೀಗೇ ನೋಡಿ. ಬೂದಿ ಬಾಗಿಲನ್ನೂ ಮರೆಯಬೇಡಿ. ಆಮೇಲೆ ಕಿಂಡಿಯ ಮುಚ್ಚಳ. ಅದರ ಅಂಚಿಗೆ ಕೂತ ಒಂದು ಚೂರು ಮಸಿ ಸಾಕು, ರಾತ್ರಿಯಿಡೀ ಬೆಂಕಿ ಕುಣಿಯಲು.

ಕರೆಂಟು ಹೋದಾಗಲೂ ಇದೇ ಭಯ. ಪಂಪು ನಿಂತರೆ ಶಾಖ ಗೂಡಿನಲ್ಲೇ ಉಳಿಯುತ್ತದೆ. ಬಹಳ ಹೊತ್ತು ಹೋದರೆ ಆಮೇಲೆ ಪೈಪು ಹೆಪ್ಪುಗಟ್ಟುವ ಭಯ. ಪಂಪಿಗೆ ಬೇಕಾದದ್ದು ನೂರು ವ್ಯಾಟ್ ಆಸುಪಾಸು. ಬೆಂಗಳೂರಿನ ಮನೆಗಳಲ್ಲಿ ಕಾಣುವಂಥ ಒಂದು ಇನ್ವರ್ಟರ್, ಒಂದು ದೊಡ್ಡ ಬ್ಯಾಟರಿ ಇದ್ದರೆ ಪಂಪು ಕೆಲವು ಗಂಟೆ ಓಡುತ್ತದೆ. ಇಲ್ಲಿಯವರು ಜನರೇಟರ್ ಇಟ್ಟುಕೊಳ್ಳಿ ಎನ್ನುತ್ತಾರೆ. ನಾನು ಇನ್ವರ್ಟರ್ ಹಾಕಿಸಿ ನಿಶ್ಚಿಂತೆಯಾಗಿದ್ದೇನೆ.

ಹೊಗೆ ಮತ್ತು ಉಳಿದದ್ದು

ಬೆಳ್ಳಗೆ, ದಟ್ಟವಾಗಿ, ನೆಲದ ಮೇಲೆ ತೆವಳುವ ಹೊಗೆ ತೇವದ ಗುರುತು. ಕಪ್ಪು ಹೊಗೆ ಗಾಳಿ ಸಾಲದ ಗುರುತು, ಇಲ್ಲವೇ ಹಾಕಬಾರದ್ದನ್ನು ಹಾಕಿದ ಗುರುತು. ಫ್ಯಾನ್ ಹತ್ತಿದ ಮೊದಲ ಕೆಲವು ನಿಮಿಷ ಹೊಗೆ ಬರುವುದು ಸಹಜ, ಆಮೇಲೂ ನಿಲ್ಲದಿದ್ದರೆ ಕಾರಣ ಹುಡುಕಿ. ಹೊಗೆ ಮನೆ ಕಡೆ ಬೀಸಿದರೆ ಕಾರ್ಬನ್ ಮೊನಾಕ್ಸೈಡ್ ಒಳಬರಬಹುದು. ಅದಕ್ಕೆ ವಾಸನೆ ಇಲ್ಲ. ಮಲಗುವ ಕೋಣೆ ಹತ್ತಿರ ಅಲಾರಂ ಇರಲೇಬೇಕು.

ಮೇ ತಿಂಗಳ ಕೆಲಸ

ಕೊನೆಯ ಬೆಂಕಿಯನ್ನು ಜೋರಾಗಿ ಉರಿಸಿ, ಮಸಿ ಒಣಗಲಿ. ಆರಿದ ಮೇಲೆ ಬೂದಿಯನ್ನು ಒಂದು ಚಮಚವೂ ಬಿಡದೆ ತೆಗೆಯಿರಿ. ಗಾಳಿಯ ತೇವಕ್ಕೆ ಒದ್ದೆಯಾದ ಬೂದಿ ಉಕ್ಕನ್ನು ಬೇಸಿಗೆಯಿಡೀ ತಿನ್ನುತ್ತದೆ. ಚಳಿಗಾಲದ ಬೆಂಕಿಗಿಂತ ಇದೇ ಹೆಚ್ಚು ಬಾಯ್ಲರ್ ಕೊಂದಿದೆ ಎಂದು ನನ್ನ ಅನಿಸಿಕೆ. ಗೋಡೆ ಕೆರೆದು, ತಂತಿ ಬ್ರಷ್ ಹಾಕಿ, ತೆಳುವಾಗಿ ಎಣ್ಣೆ ಬಳಿಯಿರಿ. ಚಿಮಣಿಗೆ ಬ್ರಷ್ ಹಾಯಿಸಿ, ತುದಿಗೆ ಮುಚ್ಚಳ ಹಾಕಿ. ನೀರು ಬಸಿಯಬೇಡಿ. ಖಾಲಿ ಹಂಡೆ ಬೇಗ ತುಕ್ಕು ಹಿಡಿಯುತ್ತದೆ. ತುಂಬಿಸಿಯೇ ಇಟ್ಟು, ಮಾದರಿಯನ್ನು ಪರೀಕ್ಷೆಗೆ ಕಳಿಸಿ. ತಿಂಗಳಿಗೊಮ್ಮೆ ಪಂಪನ್ನು ಐದು ನಿಮಿಷ ಓಡಿಸಿ. ಬಾಗಿಲಿನ ಗ್ಯಾಸ್ಕೆಟ್ ಹಗ್ಗ ಗಡುಸಾಗಿದ್ದರೆ ಹೊಸದನ್ನು ಈಗಲೇ ತರಿಸಿಕೊಳ್ಳಿ, ನವೆಂಬರಿನಲ್ಲಿ ಎಲ್ಲರಿಗೂ ಅದೇ ಬೇಕಾಗಿರುತ್ತದೆ.

ಆಮೇಲೆ ಓಕ್ ಸೀಳಲು ಕುಳಿತುಕೊಳ್ಳಿ. ಹೊಸ ರಾಶಿಯ ಪ್ಯಾಲೆಟ್ ಮೇಲೆ ಸೀಮೆಸುಣ್ಣದಲ್ಲಿ ಎರಡು ವರ್ಷ ಮುಂದಿನ ಇಸವಿ ಬರೆದು, ಹಳೆಯ ರಾಶಿಯ ಹಿಂದೆ ಒಟ್ಟಿ.